ನೆಟ್ ಇಲ್ಲದ ಊರಿಗೆ ವೆಬ್‌ಸೈಟ್ ಒಯ್ಯಲು ಯಾವುದು ಒಳ್ಳೆಯದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಬ್ಲ್ಯುಗೆಟ್‌ಗೆ (wget). ವೆಬ್‌ಸೈಟ್ ಇಳಿಸಿಕೊಳ್ಳುವ ಉಚಿತ ಸಾಫ್ಟ್‌ವೇರ್ ಅದು. ಮಧುಗಿರಿ ಬೆಟ್ಟದ ಆಚೆಗಿರುವ ಒಂದು ಹಳ್ಳಿಯ ಪಂಚಾಯಿತಿ ಲೈಬ್ರರಿಗೆ ನಾನು ಕನ್ನಡದ ವೆಬ್‌ಸೈಟ್‌ಗಳನ್ನು ಇಳಿಸಿಕೊಂಡು ಹೋಗುತ್ತೇನೆ. ಮಕ್ಕಳ ಕಥೆ, ವಿಜ್ಞಾನ ಲೇಖನ, ರಾಗಿ-ಶೇಂಗಾ ಬೆಳೆಯ ಮಾಹಿತಿ, ಹೀಗೆ. ಅಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲ ಅಂದರೆ ಇಲ್ಲ. ತುಮಕೂರಿನ ಮನೆಯಲ್ಲಿ ರಾತ್ರಿ ಇಳಿಸಲು ಹಾಕಿ, ಬೆಳಿಗ್ಗೆ ಪೆನ್‌ಡ್ರೈವ್‌ಗೆ ತುಂಬಿಸಿ ಕೊರಟಗೆರೆ ಮೇಲೆ ಹೋಗುವ ಬಸ್ಸು ಹತ್ತುತ್ತೇನೆ. ನನ್ನದು ಲಿನಕ್ಸ್ ಲ್ಯಾಪ್‌ಟಾಪ್, ಅಲ್ಲಿರುವುದು ಹಳೇ ವಿಂಡೋಸ್ ಕಂಪ್ಯೂಟರ್.

ಶುರುವಿನಲ್ಲಿ ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ತಗೊಂಡಿದ್ದೆ. ಹೆಸರು ಬೇಡ ಬಿಡಿ. ಇಳಿಸಿದ್ದನ್ನು ಅದರೊಳಗೇ ತೆರೆದು ಓದಬೇಕು. ತೆರೆಯುವಾಗೆಲ್ಲ ಲೈಸೆನ್ಸ್ ಸರಿ ಇದೆಯಾ ಅಂತ ನೋಡಲು ಅದಕ್ಕೆ ನೆಟ್ ಬೇಕು. ನೆಟ್ ಇಲ್ಲದ ಕಡೆಗೆಂದೇ ಕೊಂಡಿದ್ದು, ಅಲ್ಲಿ ತೆರೆಯಲೇ ಇಲ್ಲ. ಆಮೇಲೆ ನಾನು ನೋಡಿದ್ದೆಲ್ಲ ಉಚಿತವಾಗಿ ಸಿಗುವವೇ.

ಇಡೀ ಸೈಟ್ ಇಳಿಸುವ ಇನ್ನೊಂದು ಸಾಫ್ಟ್‌ವೇರ್ ಎಚ್‌ಟಿಟ್ರ್ಯಾಕ್ (HTTrack) 1998ರಿಂದ ಇದೆ. ಹೊಸಬರಿಗೆ ಇದೇ ಸುಲಭ: ವಿಳಾಸ ಕೊಟ್ಟು ನೆಕ್ಸ್ಟ್ ಒತ್ತುತ್ತಾ ಹೋದರೆ ಆಯಿತು. ಬರೀ ಒಂದು ಪುಟ ಬಂದು ನಿಂತುಹೋದರೆ ಫೋಲ್ಡರ್‌ನಲ್ಲಿರುವ ಲಾಗ್ ಫೈಲ್ ತೆರೆದು ನೋಡಿ. 403 ಅಂತ ಇದ್ದರೆ ಸರ್ವರ್ ಒಳಗೆ ಬಿಟ್ಟಿಲ್ಲ ಅಂತ. ಎಚ್‌ಟಿಟ್ರ್ಯಾಕ್ ತನ್ನ ಗುರುತು ಹೇಳಿಕೊಳ್ಳುವಾಗ ಈಗಲೂ ವಿಂಡೋಸ್ 98 ಅನ್ನುತ್ತದೆ. ಬ್ರೌಸರ್ ಐಡಿ ಟ್ಯಾಬ್‌ನಲ್ಲಿ ಅದನ್ನು ಬದಲಾಯಿಸಿದರೆ ಕೆಲವು ಸೈಟ್‌ಗಳು ಬರುತ್ತವೆ. ಚಿತ್ರಗಳು ಬೇರೆ ಸರ್ವರ್‌ನಲ್ಲಿದ್ದು ಬರದಿದ್ದರೆ, ಲಿಂಕ್ಸ್ ಟ್ಯಾಬ್‌ನಲ್ಲಿ ಪುಟಕ್ಕೆ ಸಂಬಂಧಪಟ್ಟ ಫೈಲ್‌ಗಳನ್ನೂ ತರುವ ಆಯ್ಕೆಗೆ ಟಿಕ್ ಹಾಕಿ.

ಡಬ್ಲ್ಯುಗೆಟ್‌ನಲ್ಲಿ ಕಿಟಕಿ, ಬಟನ್ ಏನೂ ಇಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಪರದೆಯಲ್ಲಿ, ಒಂದು ಸಾಲು ಬರೆಯಬೇಕು. ಇಡೀ ಸೈಟ್ ತರುವ ಮಿರರ್, ಲಿಂಕ್‌ಗಳನ್ನು ಆಫ್‌ಲೈನ್‌ಗೆ ತಿರುಗಿಸುವ ಕನ್ವರ್ಟ್ ಲಿಂಕ್ಸ್, ಪುಟಕ್ಕೆ ಬೇಕಾದ ಚಿತ್ರ ಇತ್ಯಾದಿ ತರುವ ಪೇಜ್ ರಿಕ್ವಿಸಿಟ್ಸ್, ಫೈಲ್ ಹೆಸರಿಗೆ .html ಸೇರಿಸುವ ಅಡ್ಜಸ್ಟ್ ಎಕ್ಸ್‌ಟೆನ್ಷನ್, ಮೇಲಿನ ಫೋಲ್ಡರ್‌ಗೆ ಹೋಗದಂತೆ ತಡೆಯುವ ನೋ ಪೇರೆಂಟ್ ಎಂಬ ಆಯ್ಕೆಗಳಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಜೊತೆಗೆ ವೇಟ್ ಅಂತ ಎರಡು ಸೆಕೆಂಡ್ ಬಿಡುವು ಕೊಡಿ. ಪರರ ಸರ್ವರ್ ಮೇಲೆ ಸುಮ್ನೆ ಭಾರ ಹಾಕಬಾರದು.

ನನ್ನನ್ನು ಸತಾಯಿಸಿದ್ದು ಫೈಲ್‌ಗಳ ಹೆಸರು. ಕನ್ನಡದ ಎಷ್ಟೋ ಸೈಟ್‌ಗಳಲ್ಲಿ ಪುಟದ ವಿಳಾಸವೂ ಕನ್ನಡದಲ್ಲೇ ಇರುತ್ತದೆ. ಇಳಿಸಿ ಫೋಲ್ಡರ್ ತೆರೆದರೆ ಅರ್ಧಕ್ಕರ್ಧ ಹೆಸರುಗಳ ಮುಂದೆ ಇನ್‌ವ್ಯಾಲಿಡ್ ಎನ್‌ಕೋಡಿಂಗ್ ಅಂತ ಬರೆದಿತ್ತು. ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಕಾಪಿ ನಡುವೆಯೇ ನಿಂತಿತು.

ಕಾರಣ ಇದು. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಸಂಖ್ಯೆಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ಮೂರು ಬೈಟ್. ಡಬ್ಲ್ಯುಗೆಟ್ 128ರಿಂದ 159ರವರೆಗಿನ ಬೈಟ್‌ಗಳನ್ನು ಕಂಟ್ರೋಲ್ ಅಕ್ಷರ (ಪರದೆ ಮೇಲೆ ಕಾಣದ, ಬರೀ ಸೂಚನೆ ಕೊಡುವ ಅಕ್ಷರ) ಅಂದುಕೊಂಡು, ಒಂದೊಂದರ ಜಾಗದಲ್ಲೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರದ ಸಂಕೇತ ಹಾಕಿ ಬರೆಯುತ್ತದೆ. 'ತುಮಕೂರು' ಪದವನ್ನೇ ನೋಡಿ. ತ, ಮ, ರ ಈ ಮೂರರ ಕೊನೆಯ ಬೈಟ್ 160ರ ಮೇಲಿದೆ, ಹಾಗಾಗಿ ಬದುಕಿಕೊಳ್ಳುತ್ತವೆ. ಕ ಅಕ್ಷರದ ಕೊನೆಯ ಬೈಟ್ 149, ಕೊಂಬಿನದು 129, ಕೊಂಬಿನ ದೀರ್ಘದ್ದು 130. ಇವೆಲ್ಲ ಒಡೆದುಹೋಗುತ್ತವೆ. ಒಂದೇ ಪದದಲ್ಲಿ ಅರ್ಧ ಸರಿ, ಅರ್ಧ ಚೂರು!

ಪರಿಹಾರಕ್ಕೆ ರಿಸ್ಟ್ರಿಕ್ಟ್ ಫೈಲ್ ನೇಮ್ಸ್ ಎಂಬ ಆಯ್ಕೆ ಇದೆ. ಅದಕ್ಕೆ ನೋಕಂಟ್ರೋಲ್ ಅಂತ ಕೊಟ್ಟರೆ ಕನ್ನಡ ಹೆಸರು ಇದ್ದ ಹಾಗೇ ಉಳಿಯುತ್ತದೆ. ಪೆನ್‌ಡ್ರೈವ್ ಮೂಲಕ ವಿಂಡೋಸ್‌ಗೆ ಒಯ್ಯುವವರು ಅಲ್ಪವಿರಾಮ ಹಾಕಿ ವಿಂಡೋಸ್ ಅಂತಲೂ ಸೇರಿಸಬೇಕು. ಯಾಕೆಂದರೆ ವಿಳಾಸದಲ್ಲಿ ಬರುವ ಪ್ರಶ್ನಾರ್ಥಕ ಚಿಹ್ನೆ ಲಿನಕ್ಸ್‌ನಲ್ಲಿ ನಡೆಯುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಈ ಆಯ್ಕೆ ಅದನ್ನು ಆಟ್ ಚಿಹ್ನೆಯಾಗಿ ಬದಲಿಸುತ್ತದೆ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆ ಮಾತ್ರ ಉಳಿಸುವ ಆಸ್ಕಿ ಅಂತ ಕೊಡುವ ದಾರಿಯೂ ಇದೆ, ಆದರೆ ಆಗ ಪ್ರತಿ ಬೈಟ್ ಮೂರು ಅಕ್ಷರವಾಗಿ, ಏಳು ಚಿಹ್ನೆಗಳ 'ತುಮಕೂರು' 63 ಅಕ್ಷರ ಉದ್ದವಾಗುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರ್ ಸಮೇತ ಇಡೀ ಹೆಸರಿಗೆ ಸಾಮಾನ್ಯವಾಗಿ 260 ಅಕ್ಷರಗಳ ಮಿತಿ ಇರುವಾಗ ಅದು ಎಲ್ಲಿ ಸಾಕಾಗುತ್ತದೆ?

ಡಬ್ಲ್ಯುಗೆಟ್‌ನಲ್ಲಿ ಇನ್ನೊಂದು ಕೊರತೆ ಇದೆ. ಲಿಂಕ್‌ಗಳನ್ನು ಆಫ್‌ಲೈನ್‌ಗೆ ತಿರುಗಿಸುವ ಕೆಲಸವನ್ನು ಅದು ಎಲ್ಲ ಇಳಿಸಿ ಮುಗಿದ ಮೇಲೇ ಮಾಡುತ್ತದೆ. ನಡುವೆ ನಿಲ್ಲಿಸಿದರೆ ಪುಟ ತೆರೆಯುತ್ತದೆ, ಲಿಂಕ್ ಒತ್ತಿದರೆ ನೆಟ್ ಹುಡುಕುತ್ತದೆ. ಎಚ್‌ಟಿಟ್ರ್ಯಾಕ್ ಇಳಿಸುತ್ತಲೇ ತಿರುಗಿಸುತ್ತಾ ಹೋಗುತ್ತದೆ, ಈ ವಿಷಯದಲ್ಲಿ ಅದೇ ಮೇಲು. ಕರೆಂಟ್ ಪದೇ ಪದೇ ಹೋಗುವ ಮನೆಯಾದರೆ ಇದು ಸಣ್ಣ ಮಾತಲ್ಲ. ನಮ್ಮ ರೌಟರ್‌ಗೆ ಯುಪಿಎಸ್ ಇದೆ, ಹಾಗಾಗಿ ನನಗೆ ನಡೆಯುತ್ತದೆ.

ಸಿಂಗಲ್‌ಫೈಲ್ ಬ್ರೌಸರ್‌ಗೆ ಸೇರಿಸುವ ಎಕ್ಸ್‌ಟೆನ್ಷನ್. ಜಾವಾಸ್ಕ್ರಿಪ್ಟ್‌ನಿಂದಲೇ ಮೂಡುವ ಪುಟಗಳ ಮುಂದೆ ಮೇಲಿನ ಎರಡೂ ಸೋಲುತ್ತವೆ, ಖಾಲಿ ಚೌಕಟ್ಟು ಮಾತ್ರ ಬರುತ್ತದೆ. ಇದು ಪರದೆ ಮೇಲೆ ಮೂಡಿದ ಪುಟವನ್ನೇ ಚಿತ್ರಗಳ ಸಮೇತ ಒಂದು ಫೈಲ್ ಮಾಡಿ ಕೊಡುತ್ತದೆ. ಒಂದು ಲೇಖನ, ಒಂದು ಅರ್ಜಿಯ ವಿವರ ಬೇಕಾದರೆ ಇದೇ ಸಾಕು. ಇಡೀ ಸೈಟ್‌ಗೆ ಆಗಲ್ಲ.

ಕನ್ನಡ ವಿಕಿಪೀಡಿಯಾ ಬೇಕಿದ್ದವರು ಇವುಗಳನ್ನು ಮುಟ್ಟಲೇಬೇಡಿ. ವಿಕಿಪೀಡಿಯಾದ ರೋಬೋಟ್ಸ್ ಫೈಲ್‌ನಲ್ಲಿ (ಇಂಥ ಸಾಫ್ಟ್‌ವೇರ್‌ಗಳು ಏನನ್ನು ಇಳಿಸಬಾರದು ಅಂತ ಸೈಟ್‌ನವರು ಬರೆದಿಡುವ ಪಟ್ಟಿ) ಡಬ್ಲ್ಯುಗೆಟ್ ಹೆಸರು ಹಿಡಿದೇ ಬೇಡ ಅಂದಿದ್ದಾರೆ. ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ (Kiwix) ಆ್ಯಪ್ ಹಾಕಿಕೊಂಡು, ಇಡೀ ವಿಕಿಪೀಡಿಯಾ ತುಂಬಿ ತಯಾರಾಗಿರುವ ಜಿಮ್ (ZIM) ಫೈಲ್ ತಗೊಳ್ಳಿ, ಮೊಬೈಲ್‌ನಲ್ಲೂ ಓದಬಹುದು.

ವಿಂಡೋಸ್ ಬಿಟ್ಟು ಬೇರೆ ಗೊತ್ತಿಲ್ಲ, ಸೈಟೂ ಚಿಕ್ಕದು ಅನ್ನುವವರಿಗೆ ಎಚ್‌ಟಿಟ್ರ್ಯಾಕ್ ಸಾಕು. ನನ್ನ ಹಾಗೆ ಅದೇ ಸೈಟ್‌ಗಳನ್ನು ಮತ್ತೆ ಮತ್ತೆ ಹೊಸದಾಗಿ ತರಬೇಕು, ಖರ್ಚು ಸೊನ್ನೆ ಇರಬೇಕು, ಕನ್ನಡ ಹೆಸರು ಕೆಡಬಾರದು ಅನ್ನುವವರಿಗೆ ಡಬ್ಲ್ಯುಗೆಟ್. ಪ್ರತಿಸಲ ಬರೆಯುವ ಕಷ್ಟ ಬೇಡ ಅಂತ ಫೈಲ್ ಹೆಸರಿನ ಆಯ್ಕೆಯನ್ನು ಅದರ ಸೆಟ್ಟಿಂಗ್ಸ್ ಫೈಲ್‌ನಲ್ಲೇ ಹಾಕಿಟ್ಟಿದ್ದೇನೆ. ಯುನಿಕೋಡ್‌ಗೆ ಮೊದಲು ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಹಳೇ ಪುಟಗಳು ಗೀಚಿದ ಹಾಗೆ ಕಂಡರೆ ಇಳಿಸಿದ್ದರಲ್ಲಿ ದೋಷವಿಲ್ಲ. ಆ ಫಾಂಟನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ದು ಅಲ್ಲಿನ ಕಂಪ್ಯೂಟರ್‌ಗೆ ಹಾಕಬೇಕು.