ಸೊಂಟ ನೋವಿಗೆ ಕೊನೆಗೂ ಕಿವಿಗೊಟ್ಟ ಡಾಕ್ಟರ್: ದಾವಣಗೆರೆಯ ಕೀಲುವಾತದ ಕ್ಲಿನಿಕ್

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಾಯಿಸುವುದಕ್ಕೆ ಮತ್ತು ಮೆಟ್ಟಿಲಿಗೆ. ಡಾಕ್ಟರ್ ಬೆಂಗಳೂರಿನಿಂದ ಬರುವವರು, ತಿಂಗಳಿಗೆ ಎರಡು ಶನಿವಾರ ಮಾತ್ರ. ಹಾಗಾಗಿ ಜಗಳೂರು, ಹರಿಹರ, ಚನ್ನಗಿರಿ ಎಲ್ಲಾ ಕಡೆಯವರೂ ಅವತ್ತೇ ಬಂದಿರುತ್ತಾರೆ. ಕ್ಲಿನಿಕ್ ಇರುವುದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ ಅಜ್ಜಿಯೊಬ್ಬರನ್ನು ನೋಡಿ ಕರುಳು ಚುರ್ ಅಂತು. ಕೀಲು ನೋವಿನವರನ್ನು ಹೀಗೆ ಹತ್ತಿಸಬಾರದು ಅಂತ ಕೌಂಟರಿನಲ್ಲಿ ಹೇಳಿ ಬಂದಿದ್ದೇನೆ.

ಡಾಕ್ಟರ್ ಬಗ್ಗೆ ಮಾತ್ರ ಒಂದು ದೂರೂ ಇಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ, ಇಲ್ಲಿಗೆ ಬರುವ ಮುಂಚೆ ನಾನು ಏನೇನು ಕೇಳಿಸಿಕೊಂಡೆ ಅನ್ನುವುದನ್ನು ಹೇಳಬೇಕು.

ನಾನು ವಿನೋಬನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 32. ಮಗನಿಗೆ ಈಗ ಐದು ವರ್ಷ. ಅವನು ಹುಟ್ಟುವ ಮುಂಚಿನಿಂದಲೂ ಸೊಂಟದ ಕೆಳಗೆ ನೋವು ಬರುತ್ತಿತ್ತು. ಕೆಲವು ದಿನ ಎಡಕ್ಕೆ, ಕೆಲವು ದಿನ ಬಲಕ್ಕೆ. ಆಮೇಲೆ ಸಿಸೇರಿಯನ್ ಆಯಿತು. ಅಲ್ಲಿಗೆ ಎಲ್ಲರಿಗೂ ಒಂದು ಕಾರಣ ಸಿಕ್ಕಿಬಿಟ್ಟಿತು. "ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದಾರಲ್ಲ, ಅದು ಸಾಯೋ ತನಕ ಇರುತ್ತೆ" ಅಂತ ಅತ್ತೆ ಹೇಳಿದರು, ಪಕ್ಕದ ಮನೆಯವರು ಹೇಳಿದರು. ಜನ ಹೇಳುವುದು ಬಿಡಿ, ಡಾಕ್ಟರೂ ಅದನ್ನೇ ಹೇಳಿದರೆ? "ಆಪರೇಷನ್ ಆಗಿದೆಯಲ್ಲಮ್ಮ, ಹಿಂಗೆಲ್ಲಾ ಇರುತ್ತೆ" ಅಂತ ಒಬ್ಬರು. "ಮಿಷಿನ್ ತುಳಿಯೋದು ಬಿಡಿ, ರೆಸ್ಟ್ ತಗೊಳ್ಳಿ" ಅಂತ ಇನ್ನೊಬ್ಬರು. ಮತ್ತೊಬ್ಬರು ನಮ್ಮ ಮನೆಯವರ ಕಡೆ ತಿರುಗಿ, "ಮನೇಲಿ ಏನಾದ್ರೂ ಟೆನ್ಷನ್ ಇದೆಯಾ?" ಅಂತ ಕೇಳಿದರು. ನಾನು ಎದುರಿಗೇ ಕೂತಿದ್ದೆ. ನನ್ನ ನೋವನ್ನು ನನ್ನ ಕೇಳದೆ ನನ್ನ ಗಂಡನನ್ನು ಕೇಳಿದ್ದು ಇವತ್ತಿಗೂ ಚುಚ್ಚುತ್ತದೆ.

ರೆಸ್ಟ್ ತಗೊಂಡಷ್ಟೂ ನನಗೆ ನೋವು ಜಾಸ್ತಿ. ಇದನ್ನೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗಿನ ಜಾವ ಮೂರು, ನಾಲ್ಕು ಗಂಟೆಗೆ ನೋವಿಗೇ ಎಚ್ಚರ ಆಗುತ್ತಿತ್ತು. ಎದ್ದಾಗ ಸೊಂಟ ಮರದ ಹಲಗೆಯ ಹಾಗೆ ಬಿಗಿದಿರುತ್ತಿತ್ತು. ಗಂಟೆ ಹೊತ್ತು ಅಡುಗೆ ಮನೆಯಲ್ಲಿ ಓಡಾಡಿ, ಬಿಸಿನೀರು ಹಾಕಿಕೊಂಡ ಮೇಲೆ ಸಡಿಲ ಆಗುತ್ತಿತ್ತು. ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಮಧ್ಯಾಹ್ನ. ಆಗ ನಡಿಗೆ ಸರಿಯಾಗೇ ಇರುತ್ತಿತ್ತು. "ಚೆನ್ನಾಗೇ ಓಡಾಡ್ತಿದೀರಲ್ಲಮ್ಮ!" ಅನ್ನುತ್ತಿದ್ದರು.

ಎಕ್ಸ್‌ರೇ ನಾರ್ಮಲ್. ಕೀಲುವಾತ ಇದೆಯಾ ಅಂತ ನೋಡುವ ಆರ್‌ಎ ಫ್ಯಾಕ್ಟರ್ ರಕ್ತ ಪರೀಕ್ಷೆ ನೆಗೆಟಿವ್. ಬೆನ್ನಿನ ಎಂಆರ್‌ಐ ಕೂಡ ನಾರ್ಮಲ್. ಕೀಲುವಾತದ ಡಾಕ್ಟರಿಗೆ ಒಂದು ಚೀಟಿ ಬರೆದುಕೊಡಿ ಅಂತ ಕೇಳಿದರೆ, "ಅದೆಲ್ಲಾ ವಯಸ್ಸಾದವರಿಗೆ" ಅಂದರು. ನಾನು ಬಿಡಲಿಲ್ಲ. ಚಿತ್ರದುರ್ಗದಲ್ಲಿರುವ ನಮ್ಮಕ್ಕ ಈ ಕ್ಲಿನಿಕ್ ಹುಡುಕಿಕೊಟ್ಟಳು. ಹೋಗುವ ಹಿಂದಿನ ದಿನ ಫೋನ್‌ನಲ್ಲಿ ಕೂತು ಬರೆಸಿದಳು. "ನೋವಿದೆ ಅಂತ ಹೇಳ್ಬೇಡ. ಎಷ್ಟೊತ್ತಿಗೆ ಬರುತ್ತೆ, ಏನು ಮಾಡಿದ್ರೆ ಕಡಿಮೆ ಆಗುತ್ತೆ, ಯಾವ ಕೆಲಸ ಆಗ್ತಿಲ್ಲ ಅಂತ ಹೇಳು" ಅಂದಳು. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಬೆಳಗ್ಗೆ ಮಗನ ಶೂ ಕಟ್ಟಲು ಬಗ್ಗೋಕಾಗಲ್ಲ. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿದರೆ ಏಳುವಾಗ ಗೋಡೆ ಹಿಡಿಯಬೇಕು. ಹೀಗೆ.

ಡಾಕ್ಟರ್ ಆ ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ಕೇಳಿದ ಪ್ರಶ್ನೆ ಕೇಳಿ ನನಗೆ ಮೈ ಜುಮ್ ಅಂತು. "ಯಾವತ್ತಾದ್ರೂ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡೋಕೆ ಆಗದ ಹಾಗೆ ಆಗಿತ್ತಾ?" ಆಗಿತ್ತು! ಕಣ್ಣಿನ ಡಾಕ್ಟರ್ ಹನಿ ಹಾಕಿ ವಾಸಿ ಮಾಡಿದ್ದರು. ಆ ಕಣ್ಣಿಗೂ ಈ ಸೊಂಟಕ್ಕೂ ನಂಟಿರಬಹುದು ಅಂತ ಅವತ್ತೇ ನಾನು ಕೇಳಿದ್ದು.

ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇದು ಬೆನ್ನುಮೂಳೆಯದು. ನಿಮಗೆ ನೋವಿರೋದು ಬೆನ್ನುಮೂಳೆ ಬಂದು ಸೊಂಟದ ಮೂಳೆಗೆ ಕೂಡುವ ಕೀಲಲ್ಲಿ. ಆ ಜಾಗದ ಫೋಟೋನೇ ತೆಗೆದಿಲ್ಲ" ಅಂದರು. ಎಸ್‌ಐ ಜಾಯಿಂಟ್ ಅಂತಾರೆ. ಸಾವಿರಾರು ರೂಪಾಯಿ ಕೊಟ್ಟು "ಏನೂ ಇಲ್ಲ" ಅನ್ನಿಸಿಕೊಂಡಿದ್ದೆ. ನೋವಿರುವ ಜಾಗವನ್ನು ನೋಡೇ ಇರಲಿಲ್ಲ.

ಆ ಜಾಗದ ಎಂಆರ್‌ಐ ಆಯಿತು, ಇಂಥ ಕೀಲುವಾತಕ್ಕೆ ನಂಟಿರುವ ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆಯೂ ಆಯಿತು. ಕೀಲಿನಲ್ಲಿ ಉರಿಯೂತ ಇದ್ದಿದ್ದು ಕಾಣಿಸಿತು. ಕಾಯಿಲೆ ಹೆಸರು ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್, ಅಂದರೆ ಬೆನ್ನುಮೂಳೆಗೂ ಸೊಂಟದ ಆ ಕೀಲಿಗೂ ಬರುವ ಉರಿಯೂತದ ಕೀಲುವಾತ. ಬಿ27 ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ, ನೆಗೆಟಿವ್ ಬಂದರೆ ಇಲ್ಲ ಅಂತಲೂ ಅಲ್ಲ, ಎಲ್ಲವನ್ನೂ ಸೇರಿಸಿ ನೋಡಬೇಕು ಅಂತ ವಿವರಿಸಿದರು. ಹೆರಿಗೆಯಾದ ಮೇಲೆ ಕೆಲವು ತಿಂಗಳು ಆ ಕೀಲಿನಲ್ಲಿ ಇಂಥದ್ದೇ ಬದಲಾವಣೆ ಕಾಣಬಹುದಂತೆ. ಅದಕ್ಕೇ ಮಗನ ವಯಸ್ಸನ್ನೂ ಕೇಳಿ ಬರೆದುಕೊಂಡಿದ್ದರು. ಈ ಕಾಯಿಲೆ ಸಾಮಾನ್ಯವಾಗಿ 45 ವರ್ಷದೊಳಗೇ ಶುರುವಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳೇ ಬೇಕಾಗಬಹುದು. ಬಹಳ ಕಾಲ ಇದನ್ನು ಗಂಡಸರ ಕಾಯಿಲೆ ಅಂತಲೇ ನೋಡುತ್ತಿದ್ದರಂತೆ. ಹೆಂಗಸರಲ್ಲಿ ಪತ್ತೆಯಾಗುವುದು ಇನ್ನೂ ತಡ.

ಬೆನ್ನಿನ ಇಂಜೆಕ್ಷನ್ ವಿಷಯವನ್ನು ನಾನೇ ಎತ್ತಿದೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ವರ್ಷಗಟ್ಟಲೆ ನೋವಿಗೆ ಅದು ಕಾರಣ ಅನ್ನುವುದಕ್ಕೆ ಆಧಾರ ಇಲ್ಲ ಅಂದರು. ಅತ್ತೆಯನ್ನೂ ಒಳಗೆ ಕರೆದು ಅದೇ ಮಾತನ್ನು ಸಮಾಧಾನವಾಗಿ ಹೇಳಿದರು. ಅದಕ್ಕೆ ನಾನು ಋಣಿ. ಅವತ್ತಿನಿಂದ ಮನೆಯಲ್ಲಿ ಯಾರೂ "ಸುಮ್ನೆ ಮಲಗು" ಅನ್ನುವುದಿಲ್ಲ.

ಔಷಧಿ ಸದ್ಯಕ್ಕೆ ನೋವು, ಉರಿಯೂತ ಇಳಿಸುವ ನ್ಯಾಪ್ರೊಕ್ಸೆನ್ ಮಾತ್ರೆ, ಜೊತೆಗೆ ದಿನಾ ವ್ಯಾಯಾಮ. ಹೊಟ್ಟೆಗೆ, ಕಿಡ್ನಿಗೆ ತೊಂದರೆ ಆಗುತ್ತಾ ಅಂತ ಕೇಳಿದೆ. ಆಗಬಹುದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇವೆ ಅಂದರು. ಇನ್ನೊಂದು ಮಗು ಬೇಕು ಅಂದರೆ? ಮುಂಚೆಯೇ ಹೇಳಿ, ಮಾತ್ರೆ ಬದಲಿಸೋಣ ಅಂದರು. ಇದಕ್ಕೆ ಬಗ್ಗದಿದ್ದರೆ ಉರಿಯೂತವನ್ನು ಮೂಲದಲ್ಲೇ ತಡೆಯುವ ಬಯಾಲಜಿಕ್ ಅನ್ನುವ ಇಂಜೆಕ್ಷನ್ ಇದೆಯಂತೆ, ದುಬಾರಿ, ಅದಕ್ಕೂ ಮುಂಚೆ ಟಿಬಿ ಇದೆಯಾ ಅಂತ ನೋಡಬೇಕಂತೆ. ನಾನು ಪ್ರಶ್ನೆ ಕೇಳಿದಾಗಲೆಲ್ಲ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ ಉತ್ತರ ಕೊಟ್ಟರು. ಹೊಲಿಗೆ ಬಿಡಿ ಅನ್ನಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ ಅಂದರು, ಅಷ್ಟೇ. ಈಗ ರಾತ್ರಿ ನಿದ್ದೆ ಬರುತ್ತಿದೆ. ಸಂಜೆ ಹೊತ್ತು ಕುಂದವಾಡ ಕೆರೆ ಕಡೆ ನಡೆಯಲು ಹೋಗುತ್ತೇನೆ.

ಹಳೆಯ ಎಕ್ಸ್‌ರೇ ಬೇಕು ಅಂದಿದ್ದರು. ಅದು ಮೊದಲಿನ ಆಸ್ಪತ್ರೆಯಲ್ಲೇ ಉಳಿದಿತ್ತು. "ಕೊಡೋಕೆ ಬರಲ್ಲ" ಅಂದರು. ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತಿದೆ. ಅದನ್ನು ಬರೆದು ಅರ್ಜಿ ಕೊಟ್ಟೆ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆ. ಆಮೇಲೆ ಕೊಟ್ಟರು. ಜಗಳ ಆಡಬೇಕಾಗಿ ಬರಲಿಲ್ಲ. ಯಾರಾದರೂ "ಏನೂ ಇಲ್ಲ" ಅಂದರೆ, "ಏನೇನು ನೋಡಿದ್ರಿ ಡಾಕ್ಟ್ರೇ, ಏನು ನೋಡಿಲ್ಲ?" ಅಂತ ಕೇಳಿ. ನಾವು ಹೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ ಅಂತಲೂ ಕೇಳಿ. ಕೇಳುವುದು ನಮ್ಮ ಹಕ್ಕು.

ಈ ಕ್ಲಿನಿಕ್‌ಗೆ ಹೋಗುವವರಿಗೆ ಇಷ್ಟು: ಫೀಸ್ 700 ರೂಪಾಯಿ. ಟೋಕನ್ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ. ಫೋನ್ ಎತ್ತುವುದು ತಡ, ಬಿಡದೆ ಮಾಡುತ್ತಿರಿ. ಪರೀಕ್ಷೆ ಮಾಡುವಾಗ ನರ್ಸ್ ಪಕ್ಕದಲ್ಲೇ ಇರುತ್ತಾರೆ, ಹೆಂಗಸರು ಮುಜುಗರ ಪಡಬೇಕಾಗಿಲ್ಲ. ಬೆನ್ನಿನದೋ ಸೊಂಟದ್ದೋ ಹಳೇ ಎಂಆರ್‌ಐ ಇದ್ದರೆ ರಿಪೋರ್ಟ್ ಒಂದನ್ನೇ ಒಯ್ಯಬೇಡಿ, ಫಿಲ್ಮೂ ಒಯ್ಯಿರಿ. ಅವರು ಮೊದಲು ನೋಡುವುದು ಅದನ್ನೇ.