ಎಸ್‌ಡಿಆರ್ ಡಾಂಗಲ್, ಎರಡು ವರ್ಷ: ವೀಣೆ ಯಾಕೆ ಮಂಕಾಗಿತ್ತು

ಎಸ್‌ಡಿಆರ್ ಡಾಂಗಲ್ ಅಂದರೆ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚಿ, ಸಾಫ್ಟ್‌ವೇರ್ ಮೂಲಕ ರೇಡಿಯೋ ಕೇಳುವ ಪುಟ್ಟ ಸಾಧನ. ನನ್ನದು ನೀಲಿ ಪ್ಲಾಸ್ಟಿಕ್ಕಿನ ಅಗ್ಗದ ಡಾಂಗಲ್. ಮೆಟಲ್ ಕೇಸಿನದ್ದಕ್ಕೆ ಜಾಸ್ತಿ ದುಡ್ಡು ಸುರಿಯಲು ಮನಸ್ಸು ಬರಲಿಲ್ಲ. ನಾನು ಹೇಳಬೇಕಾದ್ದು ದನಿಯ ವಿಷಯ.

ಬೆಂಗಳೂರಿನಲ್ಲಿ ಬೆಳಿಗ್ಗೆ ಎಫ್‌ಎಂ 100.1ರಲ್ಲಿ ಶಾಸ್ತ್ರೀಯ ಸಂಗೀತದ ಅಮೃತವರ್ಷಿಣಿ ಕೇಳುವುದು ನಮ್ಮ ಮನೆಯ ರೂಢಿ. ಮೊದಲು ಡಾಂಗಲ್ ಚುಚ್ಚುತ್ತೇನೆ, ಆಮೇಲೆ ಕಾಫಿ ಫಿಲ್ಟರ್‌ಗೆ ಬಿಸಿನೀರು. ಡಾಂಗಲ್ ಬಿಸಿಯೇರುವ ತನಕ ಟ್ಯೂನಿಂಗ್ ಸ್ವಲ್ಪ ಜಾರುತ್ತದೆ. ಎಫ್‌ಎಂಗೆ ಅದೇನೂ ಲೆಕ್ಕಕ್ಕಿಲ್ಲ. ಆದರೂ ಡಿಕಾಕ್ಷನ್ ಇಳಿಯುವ ತನಕ ಕಾಯುತ್ತೇನೆ. ಅಭ್ಯಾಸ.

ಆದರೆ ವೀಣೆ ಮಂಕು. ಕಂಬಳಿಯೊಳಗೆ ಕೂತು ನುಡಿಸಿದ ಹಾಗೆ. ಡಾಂಗಲ್ಲನ್ನು ಬೈದೆ, ಒಂದು ಸ್ಟಾರ್ ಕೊಟ್ಟೆ, ಆಂಟೆನಾ ಬದಲಿಸಿದೆ. ಕೊನೆಗೆ ಡಾಂಗಲ್ಲಿನ ಸಿಗ್ನಲ್ಲನ್ನು ದನಿ ಮಾಡುವ ಗ್ನೂ ರೇಡಿಯೋ ಸಾಫ್ಟ್‌ವೇರ್‌ನಲ್ಲಿ, ಬೇಕಾದ ಸ್ಟೇಷನ್ ಬಿಟ್ಟು ಉಳಿದದ್ದನ್ನು ತಡೆಯುವ ಲೋ ಪಾಸ್ ಫಿಲ್ಟರ್ ಬಿಗಿ ಮಾಡಹೊರಟೆ. 25 ಕಿಲೋಹರ್ಟ್ಸ್ ಇದ್ದ ಟ್ರಾನ್ಸಿಷನ್ ಅನ್ನು, ಅಂದರೆ ಬಿಡುವುದಕ್ಕೂ ತಡೆಯುವುದಕ್ಕೂ ನಡುವಿನ ಅಂಚನ್ನು, 1ಕ್ಕೆ ಇಳಿಸಿದೆ. ಟ್ಯಾಪ್, ಅಂದರೆ ಫಿಲ್ಟರ್ ಪ್ರತಿ ಸಲ ಮಾಡುವ ಗುಣಾಕಾರ, 231 ಇದ್ದದ್ದು 5,800ರ ಹತ್ತಿರ ಹೋಯಿತು! ಹಳೇ ಲ್ಯಾಪ್‌ಟಾಪ್‌ನ ಫ್ಯಾನ್ ಮಿಕ್ಸಿ ಥರ ಕೂಗಿತು. ಟರ್ಮಿನಲ್ ತುಂಬ 'ಎಯು ಎಯು ಎಯು'. ಸೌಂಡ್ ಕಾರ್ಡಿಗೆ ನುಡಿಸಲು ಏನೂ ಸಿಗುತ್ತಿಲ್ಲ ಅಂತ ಅದರ ಅರ್ಥ. ಮೊದಲು 10ರಿಂದ ಡೆಸಿಮೇಟ್ ಮಾಡಿ, ಅಂದರೆ ಸ್ಯಾಂಪಲ್‌ಗಳನ್ನು ಹತ್ತನೇ ಒಂದಕ್ಕೆ ಇಳಿಸಿ, ಆಮೇಲೆ ಬಿಗಿ ಮಾಡಿದರೆ 580 ಟ್ಯಾಪ್ ಸಾಕು. ಹಾಗೆ ಮಾಡಿದೆ, ತುಂಡು ತುಂಡಾಗುವುದು ನಿಂತಿತು. ವೀಣೆ ಮಾತ್ರ ಕಂಬಳಿಯಿಂದ ಹೊರಗೆ ಬರಲಿಲ್ಲ.

ಒಂದು ದಿನ ಅಮ್ಮ ಅಡುಗೆಮನೆಯಲ್ಲಿ ಟ್ರಾನ್ಸಿಸ್ಟರ್ ಹಾಕಿದರು. ಅದೇ ಸ್ಟೇಷನ್, ಅದೇ ವೀಣೆ, ಒಂದೊಂದು ಮೀಟೂ ಸ್ಪಷ್ಟ. "ನಿಂದ್ಯಾಕೋ ಗಂಟಲು ಕಟ್ಟಿದ ಹಾಗಿದೆ" ಅಂದರು.

ಆಗ ಸೆಟ್ಟಿಂಗ್ ನೋಡಿದೆ. ಎಫ್‌ಎಂನಲ್ಲಿ ಮೇಲಿನ ಸ್ವರಗಳನ್ನು ಜೋರು ಮಾಡಿ ಕಳಿಸುತ್ತಾರೆ, ಕೇಳುವ ಕಡೆ ಅಷ್ಟೇ ತಗ್ಗಿಸಿಕೊಳ್ಳಬೇಕು. ಹೀಗೆ ತಗ್ಗಿಸುವುದೇ ಡಿ-ಎಂಫಸಿಸ್. ಅದರ ಅಳತೆ ನಮ್ಮಲ್ಲಿ 50 ಮೈಕ್ರೋಸೆಕೆಂಡ್, ಅಮೆರಿಕದಲ್ಲಿ 75. ಅಂಕಿ ದೊಡ್ಡದಾದಷ್ಟೂ ಹೆಚ್ಚು ತಗ್ಗುತ್ತದೆ. ನನ್ನ ಡಿ-ಎಂಫಸಿಸ್‌ನಲ್ಲಿ 75 ಕೂತಿತ್ತು. ನಾನು ಮುಟ್ಟಿರಲೇ ಇಲ್ಲ. 10 ಕಿಲೋಹರ್ಟ್ಸ್ ಹತ್ತಿರ 3 ಡೆಸಿಬಲ್‌ಗೂ ಜಾಸ್ತಿ ಸುಮ್ನೆ ನುಂಗಿಹೋಗುತ್ತಿತ್ತು. ಒಂದು ಅಂಕಿ ತಿದ್ದಿದೆ. ಅವತ್ತು ತಂಬೂರಿಯ ಝೇಂಕಾರವೂ ಕೇಳಿತು. ಕಾಫಿ ಆರಿದ್ದು ಗೊತ್ತಾಗಲಿಲ್ಲ.

ಕೇಸು ಈಗಲೂ ಕೈ ಸುಡುತ್ತದೆ. ಲ್ಯಾಪ್‌ಟಾಪ್‌ನಿಂದ ಸಿಗ್ನಲ್ಲಿಗೆ ಸೇರುವ ಗದ್ದಲ ತಪ್ಪಿಸಲು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಬೇಕೇ ಬೇಕು. ಆದರೂ ಒಂದು ಸ್ಟಾರನ್ನು ನಾಲ್ಕು ಮಾಡಿದ್ದೇನೆ. ಅಮ್ಮ ಮಾತ್ರ ಟ್ರಾನ್ಸಿಸ್ಟರ್ ಬಿಟ್ಟಿಲ್ಲ. ಅದಕ್ಕೆ ಬಿಸಿಯಾಗುವ ತನಕ ಕಾಯಬೇಕಿಲ್ಲವಂತೆ.