ಮೂರು ಡ್ರಮ್ಮು, ಒಂದು ಸಂಪು, ಒಂದು ಕಪ್ಪು ಟ್ಯಾಂಕು

ಮೊದಲೇ ಹೇಳಿಬಿಡುತ್ತೇನೆ: ಚಾವಣಿಯ ಮಳೆನೀರು ಹಿಡಿದಿಡಲು ನನ್ನ ಮತ ಕಟ್ಟೆಯ ಮೇಲೆ ಕೂರಿಸಿದ 2,000 ಲೀಟರಿನ ಕಪ್ಪು ಟ್ಯಾಂಕಿಗೆ. ಮೂರು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆಗ ನನಗೆ ಡ್ರಮ್ಮುಗಳ ಹುಚ್ಚು. ಅದಕ್ಕೂ ಮುಂಚೆ ಬಾಡಿಗೆ ಮನೆಯಲ್ಲಿ ನೆಲದಡಿಯ ಸಂಪಿನೊಡನೆ ನಾಲ್ಕು ವರ್ಷ ಏಗಿದ್ದೆ. ಮೂರರ ನೀರನ್ನೂ ಬಳಸಿದ್ದೇನೆ, ಮೂರರ ಕೆಸರನ್ನೂ ಬಳಿದಿದ್ದೇನೆ.

ಡ್ರಮ್ಮು ಕೊಂಡದ್ದು ಅಗ್ಗ ಎಂಬ ಒಂದೇ ಕಾರಣಕ್ಕೆ. 200 ಲೀಟರಿನ ಮೂರು ಹಳೆಯ ನೀಲಿ ಡ್ರಮ್ಮು. ಸಾಲಾಗಿ ನಿಲ್ಲಿಸಿ ಬುಡದಲ್ಲಿ ಒಂದಕ್ಕೊಂದು ಪೈಪು ಕೂಡಿಸಿದರೆ ನೀರು ಮೂರರಲ್ಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಕೊನೆಯದಕ್ಕೆ ಒಂದು ನಲ್ಲಿ ಇಟ್ಟರಾಯಿತು. ಹಾಳೆಯಲ್ಲಿ ಗೀಚಿ ನೋಡಿದಾಗ ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಲೆಕ್ಕಕ್ಕೆ ಸಿಗದೆ ಹೋದದ್ದು ಒಂದು ವಾಷರ್. ಡ್ರಮ್ಮಿನ ಮೈ ಬಾಗಿದೆ, ವಾಷರ್ ಚಪ್ಪಟೆ. ತೂತು ಕೊರೆದು, ಟ್ಯಾಂಕ್ ನಿಪ್ಪಲ್ (ಪೈಪು ಕೂಡಿಸಲು ಒಳಗೂ ಹೊರಗೂ ನಟ್ಟು ಬಿಗಿಯುವ ಮರೆಯಿರುವ ತುಂಡು ಕೊಳವೆ) ತೂರಿಸಿ ಎಷ್ಟು ಬಿಗಿದರೂ ವಾಷರ್ ಮೇಲೆ ಕೆಳಗೆ ಕಚ್ಚಿಕೊಳ್ಳುತ್ತದೆಯೇ ಹೊರತು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ನೀರಿಗೆ ಅಷ್ಟು ಸಾಕು. ಮೂರು ಡ್ರಮ್ಮಿಗೆ ಒಟ್ಟು ಐದು ತೂತು. ಐದೂ ಸೋರಿದವು.

ಇನ್ನೂ ಬಿಗಿಯೋಣವೆಂದರೆ ಹೊರಗಿನ ನಟ್ಟಿನ ಜೊತೆ ಒಳಗಿನದೂ ತಿರುಗುತ್ತದೆ. ಅದನ್ನು ಹಿಡಿಯಲು ಒಳಗೊಂದು ಕೈ ಬೇಕು. ಡ್ರಮ್ಮಿನ ಆಳ ಸುಮಾರು 90 ಸೆಂಟಿಮೀಟರ್. ಕಂಕುಳವರೆಗೆ ತೋಳು ಇಳಿಸಿದರೂ ನನ್ನ ಬೆರಳು ತಳ ಮುಟ್ಟಲಿಲ್ಲ. ಕೊನೆಗೆ ಡ್ರಮ್ಮನ್ನು ನೆಲಕ್ಕೆ ಉರುಳಿಸಿ, ಹತ್ತು ವರ್ಷದ ಮಗನ ಕೈಗೆ ಸ್ಪ್ಯಾನರ್ ಕೊಟ್ಟು ಒಳಗೆ ತೂರಿಸಿದೆ. ಸೊಂಟದವರೆಗೆ ಒಳಗೆ, ಎರಡು ಕಾಲು ಹೊರಗೆ. "ಅಮ್ಮಾ, ನೀನು ತಿರುಗಿಸಿದರೆ ಇದೂ ಜೊತೆಗೇ ತಿರುಗುತ್ತದೆ!" ಎಂಬ ದನಿ ಬಾವಿಯೊಳಗಿನಿಂದ ಬಂದಂತೆ ಬರುತ್ತಿತ್ತು.

ಸಿಲಿಕಾನ್ ಅಂಟು ಬಳಿದೆ. ಈ ಡ್ರಮ್ಮುಗಳ ಪಾಲಿಥೀನಿಗೆ ಅದು ಹಿಡಿಯುವುದೇ ಇಲ್ಲ. ಒಣಗಿದ ಮೇಲೆ ಉಗುರು ತಾಗಿಸಿದರೆ ಈರುಳ್ಳಿಯ ಪೊರೆಯಂತೆ ಸುಲಿದು ಬಂತು. ಕಡೆಗೆ ಕೈ ಹಿಡಿದದ್ದು ಹಳೆಯ ಟಯರ್ ಟ್ಯೂಬು. ಅದರಲ್ಲಿ ದಪ್ಪ ಬಿಲ್ಲೆಗಳನ್ನು ಕತ್ತರಿಸಿ ಎರಡೆರಡು ಹಾಕಿದಾಗ ನಾಲ್ಕು ತೂತುಗಳು ಸುಮ್ಮನಾದವು. ಐದನೆಯದು, ಅದೂ ನಡುವಿನ ಡ್ರಮ್ಮಿನದು, ಸೆಕೆಂಡಿಗೊಂದು ಹನಿಯಂತೆ ಕೊನೆಯವರೆಗೂ ತೊಟ್ಟಿಕ್ಕಿತು. ಹನಿಯಲ್ಲವೇ ಎಂದು ಬಿಟ್ಟುಬಿಡಬೇಡಿ: ಆ ಲೆಕ್ಕದಲ್ಲಿ ದಿನಕ್ಕೆ ಸುಮಾರು 4 ಲೀಟರ್, ತಿಂಗಳಿಗೆ ಅರ್ಧ ಡ್ರಮ್ಮಿಗಿಂತ ಹೆಚ್ಚು.

ಅಷ್ಟರಲ್ಲಿ ಇನ್ನೊಂದು ಸುರುವಾಯಿತು. ತುಂಬಿದ ಡ್ರಮ್ಮು 200 ಕಿಲೋ ಭಾರ. ಮಳೆಗೆ ನೆನೆದ ನೆಲದಲ್ಲಿ ಮೂರೂ ಒಂದೇ ಸಮನೆ ಕೂರುವುದಿಲ್ಲ. ಒಂದು ಡ್ರಮ್ಮು ಎರಡು ಬೆರಳಿನಷ್ಟು ತಗ್ಗಿತು, ನಡುವಿನ ಪಿವಿಸಿ ಪೈಪು ನಿಪ್ಪಲನ್ನು ಜಗ್ಗಿತು, ಸುಮ್ಮನಾಗಿದ್ದ ನಾಲ್ಕರಲ್ಲಿ ಎರಡು ಮತ್ತೆ ಬಾಯಿಬಿಟ್ಟವು. ಪೈಪಿನ ಬದಲು ಮೆದು ಹೋಸು ಹಾಕಬೇಕಿತ್ತು ಎಂದು ಆಮೇಲೆ ಗೊತ್ತಾಯಿತು.

ಡ್ರಮ್ಮಿನ ಮುಚ್ಚಳದಲ್ಲಿ, ಚಾವಣಿಯಿಂದ ನೀರಿಳಿಸುವ ಕೆಳಪೈಪಿಗೆಂದು ಕೊರೆದ ತೂತು ಬೆರಳಿನಷ್ಟು ಅಗಲ ಜಾಸ್ತಿಯಾಗಿತ್ತು. ಒಂದು ವಾರ ಕಳೆದು ಮುಚ್ಚಳ ಎತ್ತಿದರೆ, ತಲೆ ಕೆಳಗೆ ಮಾಡಿ ನೇತಾಡುವ ಸೊಳ್ಳೆ ಮರಿಗಳು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆಯೇ ಆಗಬೇಕೆಂದಿಲ್ಲ, ಇಂಥ ತಿಳಿನೀರು ಸಿಕ್ಕರೆ ಸಂತೋಷ. ನೀರು ಚೆಲ್ಲಿದರೂ ಮುಗಿಯುವುದಿಲ್ಲ. ನೀರಿನ ಅಂಚಿಗೆ ಗೋಡೆಗೆ ಅಂಟಿಸಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಒಳಮೈ ಉಜ್ಜಿಯೇ ತೊಳೆಯಬೇಕು. ನೀರು ಬರುವ ಬಾಯಿಗೂ ಹೆಚ್ಚಾದದ್ದು ಹೊರಹೋಗುವ ಬಾಯಿಗೂ ಸಣ್ಣ ಕಣ್ಣಿನ ಜಾಲರಿ ಬಿಗಿಯುವುದು ಯಾವ ಪಾತ್ರೆಗಾದರೂ ತಪ್ಪದ ಕೆಲಸ. ಹೊರಬಾಯಿಯನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ.

ಇಷ್ಟೆಲ್ಲ ಒದ್ದಾಡಿದ್ದು ಎಷ್ಟು ನೀರಿಗೆ? ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನನ್ನ ಚಾವಣಿಯ ಒಂದು ಇಳಿಜಾರು 40 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ 800 ಲೀಟರ್. ಸಿಡಿದದ್ದು, ಹೀರಿದ್ದು ಕಳೆದರೂ 650ಕ್ಕೆ ಮೋಸವಿಲ್ಲ. ಅಂದರೆ ಒಂದೇ ಒಳ್ಳೆಯ ಮಳೆಗೆ ಡ್ರಮ್ಮುಗಳು ತುಂಬಿ, ಮಿಕ್ಕದ್ದೆಲ್ಲ ಮೋರಿಗೆ. ನಾನು ದಿನಕ್ಕೆ ಗಿಡಗಳಿಗೆ ಹಾಕುವುದು 15 ಲೀಟರಿನ ನಾಲ್ಕು ಬಕೆಟ್. ಹತ್ತು ದಿನ ಮಳೆ ಕೈಕೊಟ್ಟರೆ ಡ್ರಮ್ಮು ಖಾಲಿ, ಟ್ಯಾಂಕಾದರೆ ಒಂದು ತಿಂಗಳು ದೂಡುತ್ತದೆ.

ಸಂಪಿನ ನೀರು ಮಾತ್ರ ಚೆನ್ನಾಗಿರುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಕತ್ತಲು, ತಂಪು, ಪಾಚಿಯ ಸುಳಿವಿಲ್ಲ. ಆದರೆ ಒಂದು ಬಕೆಟ್ ನೀರಿಗೂ ಪಂಪು ಹಾಕಬೇಕು, ಕರೆಂಟು ಹೋದ ದಿನ ಹಗ್ಗ ಕಟ್ಟಿ ಸೇದಬೇಕು. ಮುಚ್ಚಳ ನೆಲಮಟ್ಟದಲ್ಲಿದ್ದುದರಿಂದ ಜೋರು ಮಳೆಗೆ ಅಂಗಳದ ಕೆಸರು ನೀರೂ ಒಳಗಿಳಿಯುತ್ತಿತ್ತು. ತೊಳೆಯುವುದಂತೂ ಸಾಹಸ, ಮುಚ್ಚಿಟ್ಟ ಸಂಪಿನಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರಬಹುದು, ಯಾರೂ ಒಬ್ಬರೇ ಇಳಿಯಬಾರದು.

ಟ್ಯಾಂಕಿನ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ಅಷ್ಟಾಗಿ ತೊಂದರೆ ಕೊಟ್ಟಿಲ್ಲ. ಒಂದು ಪಾತ್ರೆ, ಒಂದು ನಲ್ಲಿ, ಅದೂ ಅಂಗಡಿಯಿಂದಲೇ ಕೂರಿಸಿಕೊಂಡು ಬಂದದ್ದು. ಕಪ್ಪು ಬಣ್ಣದೊಳಗೆ ಬೆಳಕು ಹೋಗುವುದಿಲ್ಲ, ಪಾಚಿ ಕಟ್ಟುವುದಿಲ್ಲ. ಎರಡು ಟನ್ ಭಾರ ಹೊರುವ ಕಟ್ಟೆಗೆ ಮಾತ್ರ ಜಿಪುಣತನ ಮಾಡಬೇಡಿ. ತಳ ಪೂರ್ತಿ ಕಟ್ಟೆಯ ಮೇಲೆ ಕೂರಬೇಕು, ಅಂಚು ಹೊರಚಾಚಬಾರದು. ಕಟ್ಟೆಯ ಎತ್ತರ ಬಕೆಟ್ಟು ನಲ್ಲಿಯಡಿ ಆರಾಮವಾಗಿ ನಿಲ್ಲುವಷ್ಟಿರಲಿ. ಒಂದು ಮೀಟರ್ ಎತ್ತರಕ್ಕೆ ಸಿಗುವುದು 0.1 ಬಾರ್ ಒತ್ತಡ ಅಷ್ಟೇ, ಹೋಸಿನಲ್ಲಿ ನೀರು ಹರಿಯುತ್ತದೆ, ಸ್ಪ್ರಿಂಕ್ಲರ್ ತಿರುಗುವುದಿಲ್ಲ.

ಚಾವಣಿಯ ಮೊದಲ ಕೊಳೆನೀರಿಗೆಂದು ಎರಡೂವರೆ ಮೀಟರ್ ಉದ್ದದ 4 ಇಂಚಿನ ಪೈಪು ನಿಲ್ಲಿಸಿದ್ದೇನೆ. ಸುಮಾರು 20 ಲೀಟರ್ ಹಿಡಿಯುತ್ತದೆ. ಅದು ತುಂಬಿದ ಮೇಲಷ್ಟೇ ನೀರು ಟ್ಯಾಂಕಿಗೆ ತಿರುಗುತ್ತದೆ. ಅದನ್ನು ಮೆಲ್ಲಗೆ ಬಸಿಯುವ ಬುಡದ ಸಣ್ಣ ತೂತು ಎಲೆಚೂರಿನಿಂದ ಕಟ್ಟಿಕೊಂಡರೆ ಪೈಪು ತುಂಬಿಯೇ ಇದ್ದು, ಮುಂದಿನ ಮಳೆಯ ಹಕ್ಕಿಹಿಕ್ಕೆ ನೇರ ಟ್ಯಾಂಕಿಗೆ. ಮಳೆ ನಿಂತ ಮೇಲೆ ಬುಡದ ಮುಚ್ಚಳ ಬಿಚ್ಚಿ ಖಾಲಿ ಮಾಡುವುದು ಈಗ ಅಭ್ಯಾಸವಾಗಿದೆ.

ನೀರು ಗಿಡಕ್ಕೆ, ನೆಲ ಒರೆಸಲು, ಬಟ್ಟೆಗೆ. ಗಡಸು ಇಲ್ಲದ್ದರಿಂದ ಸೋಪು ಬೇಗ ನೊರೆಯೇಳುತ್ತದೆ. ಕುಡಿಯಲು ಬಳಸುವುದಿಲ್ಲ.

ದೂರು ಇರುವುದು ಅತ್ತೆಯವರದು ಮಾತ್ರ. ಅಡುಗೆಮನೆ ಕಿಟಕಿಯ ಅರ್ಧ ಬೆಳಕನ್ನು ಟ್ಯಾಂಕು ತಿಂದುಹಾಕಿದೆ ಎನ್ನುತ್ತಾರೆ. ನಿಜವೇ.

ದುಡ್ಡಿನ ಮಾತು: ಡ್ರಮ್ಮಿಗೆ, ನಿಪ್ಪಲಿಗೆ, ಅಂಟಿಗೆ ಸುರಿದದ್ದನ್ನು ಉಳಿಸಿದ್ದರೆ ಟ್ಯಾಂಕಿನ ಕಟ್ಟೆ ಬಿಟ್ಟಿ ಬೀಳುತ್ತಿತ್ತು. ಇಂದೋ ನಾಳೆಯೋ ಮನೆ ಬದಲಿಸುವವರು, ಅಂಗಳವಿಲ್ಲದವರು ಒಂದೇ ಡ್ರಮ್ಮು ಇಟ್ಟುಕೊಳ್ಳಿ, ಬುಡಕ್ಕೆ ತೂತು ಕೊರೆಯದೆ ಮೇಲಿನಿಂದಲೇ ಮೊಗೆಯಿರಿ. ಸಂಪು, ಮನೆ ಕಟ್ಟುವಾಗಲೇ ಅಗೆಸುವ ಶಕ್ತಿ ಇದ್ದವರಿಗೆ.

ನನ್ನ ಮೂರರಲ್ಲಿ ಎರಡು ಈಗ ಎಲೆಗೊಬ್ಬರದ ಡ್ರಮ್ಮು. ಆ ಕೆಲಸಕ್ಕೆ ಬುಡದಲ್ಲಿ ಸೋರುವ ತೂತು ಇರಲೇಬೇಕಂತೆ.